ಟ್ರಿನಿಡಾಡ್‌ನ ದಾಲ್‌ಪುರಿ ಮಾಡುವ ಬಗೆ: ಬೇಳೆ ಉದುರುದುರಾಗಿರಲಿ

ಒಬ್ಬಟ್ಟು ಮಾಡಿ ರೂಢಿ ಇರುವವರಿಗೆ ಬೇಳೆಪುಡಿ ತುಂಬಿದ ರೊಟ್ಟಿಯಾದ ದಾಲ್‌ಪುರಿಯ ಕೆಲಸ ಮುಕ್ಕಾಲು ಪಾಲು ಗೊತ್ತೇ ಇರುತ್ತದೆ. ಕಣಕ ಮೆತ್ತಗೆ ಕಲಸುವುದು, ನೆನೆಯಲು ಬಿಡುವುದು, ಹೂರಣ ಇಟ್ಟು ಬಾಯಿ ಮುಚ್ಚುವುದು, ಒಡೆಯದ ಹಾಗೆ ಲಟ್ಟಿಸುವುದು ಎಲ್ಲ ಕೈಗೆ ಬಂದಿರುವ ಕೆಲಸಗಳೇ. ಕೆಡುವುದು ಉಳಿದ ಕಾಲು ಪಾಲಿನಲ್ಲಿ. ಒಬ್ಬಟ್ಟಿಗೆ ಬೇಳೆ ಮೆತ್ತಗೆ ಬೆಂದು, ಬೆಲ್ಲದ ಜೊತೆ ಕುದಿದು, ರುಬ್ಬಿದ ಮೇಲೆ ಉಂಡೆ ಕಟ್ಟಲು ಬರಬೇಕು. ದಾಲ್‌ಪುರಿಯ ಬೇಳೆ ಹಾಗೆ ಮುದ್ದೆಯಾದರೆ ಕೆಟ್ಟಿತೆಂದೇ ಲೆಕ್ಕ. ಇಲ್ಲಿ ಬೇಳೆ ಬೆಂದಿರಬೇಕು, ಆದರೆ ಪುಡಿಮಾಡಿದಾಗ ಚಿರೋಟಿ ರವೆಯ ಹಾಗೆ ಉದುರುದುರಾಗಿರಬೇಕು. ಈ ಒಂದು ಹದ ಸಿಕ್ಕರೆ ಉಳಿದದ್ದೆಲ್ಲ ಸುಲಭ. ಹಾಗಾಗಿ ಈ ಬರಹದಲ್ಲಿ ಹೆಚ್ಚು ಜಾಗ ಬೇಳೆಗೇ ಮೀಸಲು.

1845ರ ಮೇ 30ರಂದು ಫತೆಲ್ ರಜಾಕ್ ಹಡಗು ಕಲ್ಕತ್ತೆಯಿಂದ ಕರಾರು ಕೂಲಿಗಳನ್ನು ಹೊತ್ತು ಕೆರಿಬಿಯನ್ ದ್ವೀಪವಾದ ಟ್ರಿನಿಡಾಡ್ ಮುಟ್ಟಿತು. 1917ರವರೆಗೆ ಹೀಗೆ ಕಬ್ಬಿನ ತೋಟಗಳಿಗೆ ಹೋದವರು 1,40,000ಕ್ಕೂ ಹೆಚ್ಚು. ಮದ್ರಾಸ್ ಬಂದರಿನಿಂದ ಹೊರಟವರೂ ಇದ್ದರು, ಆದರೆ ಬಹುಪಾಲು ಜನ ಇಂದಿನ ಬಿಹಾರ ಮತ್ತು ಪೂರ್ವ ಉತ್ತರ ಪ್ರದೇಶದ ಭೋಜಪುರಿ ಸೀಮೆಯವರು. ಅಲ್ಲಿ ಹಬ್ಬಕ್ಕೆ, ಮದುವೆಗೆ ಮಾಡುವ ಕಡಲೆಬೇಳೆಯ ದಾಲ್‌ಪೂರಿಯೇ ಇದರ ಮೂಲ. ದ್ವೀಪದಲ್ಲಿ ಕಡಲೆಬೇಳೆಯ ಜಾಗಕ್ಕೆ ಹಳದಿ ಬಟಾಣಿ ಬೇಳೆ ಬಂತು, ಗೋಧಿಹಿಟ್ಟಿನ ಜಾಗಕ್ಕೆ ಮೈದಾ ಬಂತು, ಜೊತೆಗೆ ಬೇಕಿಂಗ್ ಪೌಡರ್ ಸೇರಿತು, ಗಾತ್ರ ಊಟದ ತಟ್ಟೆಯನ್ನೂ ಮೀರಿ ಬೆಳೆಯಿತು. ಈಗ ಅದು ಪಲ್ಯ, ಸಾರುಗಳನ್ನು ಒಳಗಿಟ್ಟು ಸುತ್ತಿಕೊಡುವ ಬೀದಿ ಊಟ, ದ್ವೀಪದ ಎಲ್ಲ ಜನಾಂಗದವರೂ ತಿನ್ನುವ ತಿನಿಸು. ಅಡುಗೆಮನೆಯ ಮಾತು ಮಾತ್ರ ಬದಲಾಗಿಲ್ಲ: ಹಂಚಿಗೆ ತವಾ, ಲಟ್ಟಣಿಗೆಗೆ ಬೇಲ್ನಾ, ಮಣೆಗೆ ಚೌಕಿ, ಹಿಟ್ಟಿನ ಉಂಡೆಗೆ ಲೋಯಾ, ಜೀರಿಗೆಗೆ ಗೀರಾ.

ಎಂಟು ದಾಲ್‌ಪುರಿಗೆ ಬೇಕಾದದ್ದು

ಹೂರಣಕ್ಕೆ: ಹಳದಿ ಬಟಾಣಿ ಬೇಳೆ 200 ಗ್ರಾಂ, ಅರಿಸಿನ ಅರ್ಧ ಟೀ ಚಮಚ, ಉಪ್ಪು ಒಂದು ಟೀ ಚಮಚ, ಬೆಳ್ಳುಳ್ಳಿ ನಾಲ್ಕು ಎಸಳು, ಖಾರಕ್ಕೆ ತಕ್ಕಷ್ಟು ಹಸಿಮೆಣಸಿನಕಾಯಿ, ಹುರಿದು ಪುಡಿಮಾಡಿದ ಜೀರಿಗೆ ಎರಡು ಟೀ ಚಮಚ.

ಕಣಕಕ್ಕೆ: ಮೈದಾ 500 ಗ್ರಾಂ, ಬೇಕಿಂಗ್ ಪೌಡರ್ ಎರಡು ಟೀ ಚಮಚ, ಉಪ್ಪು ಮುಕ್ಕಾಲು ಟೀ ಚಮಚ, ಎಣ್ಣೆ ಒಂದು ದೊಡ್ಡ ಚಮಚ, ಉಗುರುಬೆಚ್ಚಗಿನ ನೀರು 310ರಿಂದ 330 ಮಿಲೀ.

ಇದಲ್ಲದೆ ಲಟ್ಟಿಸಲು ಒಣ ಮೈದಾ, ಸವರಲು 80ರಿಂದ 100 ಮಿಲೀ ಎಣ್ಣೆ. ಎಣ್ಣೆಗೆ ಕಾಲು ಭಾಗ ತುಪ್ಪ ಸೇರಿಸಿದರೆ ಪರಿಮಳ ಚೆನ್ನ.

ಬಟಾಣಿ ಬೇಳೆ ಕೊಳ್ಳುವಾಗ ಕಡಲೆಬೇಳೆ, ತೊಗರಿಬೇಳೆಯ ಜೊತೆ ಅದಲುಬದಲಾಗುವುದುಂಟು. ಬಟಾಣಿ ಬೇಳೆ ದಪ್ಪ, ಬೆನ್ನು ನಯ, ದುಂಡಗೆ. ಕಡಲೆಬೇಳೆ ಚಿಕ್ಕದು, ಸ್ವಲ್ಪ ಸುಕ್ಕು. ಬಟಾಣಿ ಬೇಳೆ ಸಿಗದಿದ್ದರೆ ಕಡಲೆಬೇಳೆ ಹಾಕಿ, ಬಿಹಾರದ ರುಚಿ ಬರುತ್ತದೆ, ತಪ್ಪೇನಿಲ್ಲ. ಆದರೆ ಎರಡು ಗಂಟೆ ನೆನೆಸಿ, ಬೇಯಿಸುವ ಹೊತ್ತನ್ನು ಹತ್ತು ನಿಮಿಷ ಹೆಚ್ಚಿಸಿ. ತೊಗರಿಬೇಳೆ ಇದಕ್ಕೆ ಬೇಡ. ಅದು ಬೆಂದರೆ ಕರಗುತ್ತದೆ, ಬೇಯದಿದ್ದರೆ ಹಸಿ ವಾಸನೆ.

ಟ್ರಿನಿಡಾಡ್‌ನಲ್ಲಿ ಖಾರಕ್ಕೆ ಹಾಕುವುದು ಸ್ಕಾಚ್ ಬಾನೆಟ್ ಜಾತಿಯ ದಪ್ಪ ಮೆಣಸಿನಕಾಯಿ. ಎಂಟು ದಾಲ್‌ಪುರಿಗೆ ಅದರಲ್ಲಿ ಅರ್ಧ ಸಾಕು. ನಮ್ಮಲ್ಲಿ ಸೂಜಿಮೆಣಸು ಎರಡು ಮೂರು, ಇಲ್ಲವೇ ಸಾಧಾರಣ ಹಸಿಮೆಣಸಿನಕಾಯಿ ನಾಲ್ಕು. ಸೊಪ್ಪು ಹಾಕುವವರು ಶಾಡೊ ಬೆನಿ ಹಾಕುತ್ತಾರೆ, ಅಂದರೆ ಉದ್ದನೆಯ ಗರಗಸದಂಚಿನ ಎಲೆಯ ಕೊತ್ತಂಬರಿ. ಮಲೆನಾಡಿನ ಕೆಲವು ಹಿತ್ತಲುಗಳಲ್ಲೂ ಇದು ಬೆಳೆಯುತ್ತದೆ. ಎರಡೆಲೆ ಸಾಕು, ಸಣ್ಣಗೆ ಹೆಚ್ಚಿ ಪೂರ್ತಿ ಒರೆಸಿ ಹಾಕಿ. ಒದ್ದೆ ಸೊಪ್ಪು ಹೂರಣಕ್ಕೆ ಶತ್ರು.

ಬೇಳೆ ಬೇಯಿಸುವುದು

ಕುಕ್ಕರ್ ಬೇಡವೇ ಬೇಡ. ಒಂದು ಸೀಟಿಗೂ ಇನ್ನೊಂದು ಸೀಟಿಗೂ ನಡುವೆ ಈ ಹದ ಕಣ್ಣುತಪ್ಪಿಸಿ ದಾಟಿಹೋಗುತ್ತದೆ, ಮುಚ್ಚಳ ತೆರೆದು ನೋಡುವಂತಿಲ್ಲ.

ಬೇಳೆ ತೊಳೆದು ಒಂದು ಗಂಟೆ ನೆನೆಸಿ, ನೀರು ಚೆಲ್ಲಿ. ಅಗಲ ಪಾತ್ರೆಯಲ್ಲಿ ಒಂದೂವರೆ ಲೀಟರ್ ನೀರು ಕುದಿಸಿ ಬೇಳೆ, ಅರಿಸಿನ, ಉಪ್ಪು ಹಾಕಿ. ನೀರು ಧಾರಾಳವಾಗಿದ್ದರೆ ಬೇಳೆಯ ಗಂಜಿ ನೀರಿಗೆ ಬಿಡುತ್ತದೆ, ಕಾಳಿಗೆ ಅಂಟಿಕೊಳ್ಳುವುದಿಲ್ಲ. ಮೇಲೆ ಬರುವ ನೊರೆ ತೆಗೆಯಿರಿ. ಮುಚ್ಚಳ ಹಾಕದೆ ಮಧ್ಯಮ ಉರಿಯಲ್ಲಿ ಬೇಯಲಿ.

ಹನ್ನೆರಡನೆಯ ನಿಮಿಷದಿಂದ ಕಾಳು ನೋಡುತ್ತಾ ಇರಿ. ಒಂದು ಬೇಳೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಅದುಮಿ. ಎರಡು ಮೂರು ಚೂರಾಗಿ ಒಡೆದು, ಮಧ್ಯದಲ್ಲಿ ಸುಣ್ಣದಂಥ ಬಿಳಿ ಗೀರು ಕಂಡರೆ ಇನ್ನೂ ಬೇಯಬೇಕು. ಒತ್ತಿದ ಕೂಡಲೇ ಪುಡಿಯಾಗಿ, ಬೆರಳಿಗೆ ಮೆತ್ತದೆ ಉದುರಿದರೆ ಅದೇ ಹದ. ಬೆರಳಿಗೆ ಸವರಿದ ಹಾಗೆ ಅಂಟಿಕೊಂಡರೆ ದಾಟಿಹೋಯಿತು. ಹೊಸ ಬೇಳೆಯಾದರೆ ಸಾಮಾನ್ಯವಾಗಿ 15ರಿಂದ 20 ನಿಮಿಷ ಸಾಕು. ವರ್ಷಗಟ್ಟಲೆ ಅಂಗಡಿಯಲ್ಲಿ ಕೂತ ಬೇಳೆ 35 ನಿಮಿಷವನ್ನೂ ಕೇಳಬಹುದು, ಆದ್ದರಿಂದ ಗಡಿಯಾರಕ್ಕಿಂತ ಬೆರಳನ್ನು ನಂಬಿ. ಎಲ್ಲ ಕಾಳೂ ಒಂದೇ ಸಮ ಬೇಯುವುದಿಲ್ಲ, ನಾಲ್ಕೈದು ಕಾಳು ನೋಡಿಯೇ ನಿರ್ಧರಿಸಿ.

ಹದ ಬಂದ ತಕ್ಷಣ ಜರಡಿಗೆ ಬಸಿಯಿರಿ. ಹತ್ತು ನಿಮಿಷ ಜರಡಿಯಲ್ಲೇ ಬಿಟ್ಟು ಆಮೇಲೆ ಹತ್ತಿಬಟ್ಟೆಯ ಮೇಲೆ ಒಂದು ಪದರವಾಗಿ ಹರಡಿ, ಫ್ಯಾನ್ ಕೆಳಗೆ ಮುಕ್ಕಾಲು ಗಂಟೆ ಆರಲಿ. ಅವಸರದಲ್ಲಿ ಬಿಟ್ಟುಬಿಡುವ ಹಂತ ಇದೇ. ಬಿಸಿ ಬೇಳೆಯನ್ನು ಪುಡಿಮಾಡಿದರೆ ಒಳಗಿನ ಹಬೆ ನೀರಾಗಿ ಇಡೀ ಹೂರಣ ಮೆತ್ತಗಾಗುತ್ತದೆ. ಮುಟ್ಟಿದರೆ ಕಾಳಿನ ಮೈ ಒಣಗಿರಬೇಕು, ಬಟ್ಟೆ ಕೊಡವಿದರೆ ಕಾಳು ಬಿಡಿಬಿಡಿಯಾಗಿ ಉರುಳಬೇಕು.

ಬಸಿದ ನೀರು ಚೆಲ್ಲಬೇಡಿ, ಬೆಳ್ಳುಳ್ಳಿ ಒಗ್ಗರಣೆ ಹಾಕಿದರೆ ಒಳ್ಳೆಯ ಕಟ್ಟಿನ ಸಾರಾಗುತ್ತದೆ. ಮಾರಿಷಸ್‌ನ ದಾಲ್‌ಪುರಿಗೆ ಈ ನೀರಿನಲ್ಲೇ ಹಿಟ್ಟು ಕಲಸುವ ರೂಢಿ ಇದೆ.

ಪುಡಿ ಮಾಡುವುದು

ಮೊದಲು ಬೆಳ್ಳುಳ್ಳಿ, ಮೆಣಸಿನಕಾಯಿಯನ್ನು ಕುಟ್ಟಾಣಿಯಲ್ಲಿ ನುಣ್ಣಗೆ ಜಜ್ಜಿಕೊಳ್ಳಿ. ಇವನ್ನು ಬೇಳೆಯ ಜೊತೆ ಇಡಿಯಾಗಿ ಹಾಕಿದರೆ ಅವು ನುಣ್ಣಗಾಗುವಷ್ಟರಲ್ಲಿ ಬೇಳೆ ಚಟ್ನಿಯಾಗಿರುತ್ತದೆ. ಮಿಕ್ಸಿಯ ಒಣ ಜಾರಿನಲ್ಲಿ ಬೇಳೆಯನ್ನು ಎರಡು ಹಿಡಿಯಷ್ಟೇ ಹಾಕಿ, ಒಂದೊಂದು ಸೆಕೆಂಡಿನಂತೆ ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮ ಓಡಿಸಿದರೆ ಕೆಳಗಿನದು ಅಂಟಾಗಿ, ಮೇಲಿನದು ಕಾಳಾಗಿಯೇ ಉಳಿಯುತ್ತದೆ. ಫುಡ್ ಪ್ರೊಸೆಸರ್ ಇದ್ದರೆ ಇನ್ನೂ ಒಳ್ಳೆಯದು. ಕೈಯಲ್ಲಿ ತಿರುಗಿಸುವ ಕಬ್ಬಿಣದ ಗಿರಣಿಯಲ್ಲಿ ಬರುವಷ್ಟು ಸಮನಾದ ಪುಡಿ ಮಾತ್ರ ಎರಡರಲ್ಲೂ ಬರುವುದಿಲ್ಲ, ಟ್ರಿನಿಡಾಡ್‌ನ ಹಳೆಯ ಮನೆಗಳಲ್ಲಿ ಆ ಗಿರಣಿಯನ್ನು ಇಂದಿಗೂ ಬಿಟ್ಟುಕೊಡದಿರುವುದು ಅದಕ್ಕೇ.

ಪುಡಿಯನ್ನು ರವೆ ಜರಡಿಯಲ್ಲಿ ಆಡಿಸಿ. ಮೇಲೆ ಉಳಿದ ದಪ್ಪ ಚೂರುಗಳನ್ನು ಮತ್ತೆ ತಿರುಗಿಸಿ. ಈ ಕೆಲಸ ಸಣ್ಣದೆನಿಸಿದರೂ ತಪ್ಪಿಸಬೇಡಿ: ತೆಳ್ಳಗೆ ಲಟ್ಟಿಸುವಾಗ ಒಂದೇ ಒಂದು ಅರ್ಧ ಕಾಳು ಸಾಕು ಕಣಕ ತೂತಾಗಲು. ಕೊನೆಗೆ ಜೀರಿಗೆ ಪುಡಿ, ಜಜ್ಜಿದ ಬೆಳ್ಳುಳ್ಳಿ-ಮೆಣಸು ಹಾಕಿ ಬೆರಳ ತುದಿಯಲ್ಲಿ ಹಗುರವಾಗಿ ಬೆರೆಸಿ. ಜೀರಿಗೆ ಚೆನ್ನಾಗಿ, ಕಂದುಬಣ್ಣ ಕಪ್ಪಿಗೆ ತಿರುಗುವ ಮೊದಲಿನ ಹಂತದವರೆಗೆ ಹುರಿದಿರಬೇಕು. ದಾಲ್‌ಪುರಿಯ ಪರಿಮಳದ ಬಹುಪಾಲು ಅದರದೇ. ಉಪ್ಪು ಈಗ ನೋಡಿ. ಕಣಕದ ಜೊತೆ ತಿನ್ನುವುದರಿಂದ ಬಾಯಿಗೆ ಒಂಚೂರು ಮುಂದಾಗಿಯೇ ಇರಲಿ.

ಪರೀಕ್ಷೆ ಹೀಗೆ: ಒಂದು ಹಿಡಿ ತೆಗೆದು ಬಿಗಿಯಾಗಿ ಅದುಮಿದರೆ ಉಂಡೆ ನಿಲ್ಲಬೇಕು, ಬೆರಳಲ್ಲಿ ತಟ್ಟಿದರೆ ಪುಡಿಪುಡಿಯಾಗಬೇಕು. ತಟ್ಟಿದರೂ ಒಡೆಯದಿದ್ದರೆ ನೀರು ಹೆಚ್ಚಿದೆ. ಆಗ ಅಗಲ ಬಾಣಲೆಯಲ್ಲಿ ಎಣ್ಣೆ ಹಾಕದೆ ಸಣ್ಣ ಉರಿಯಲ್ಲಿ ಐದಾರು ನಿಮಿಷ ಕೈಯಾಡಿಸಿ, ಆರಿಸಿ, ಮತ್ತೆ ಜರಡಿಯಾಡಿ. ಅದಕ್ಕೂ ಬಗ್ಗದಿದ್ದರೆ ಎರಡು ಚಮಚ ಹುರಿಗಡಲೆ ಪುಡಿ ಸೇರಿಸಬಹುದು. ರುಚಿ ಸ್ವಲ್ಪ ಬದಲಾದರೂ ಹೂರಣ ಉಳಿಯುತ್ತದೆ.

ಒಣ ಪುಡಿಗೆ ಇಷ್ಟು ಒತ್ತಾಯವೇಕೆ ಎಂದರೆ, ದಾಲ್‌ಪುರಿ ಉಬ್ಬುವುದೇ ಅದರಿಂದ. ತವಾ ಮೇಲೆ ಹಾಕಿದಾಗ ಕಣಕದ ನೀರು ಹಬೆಯಾಗುತ್ತದೆ. ನಡುವೆ ಪುಡಿ ಇದ್ದರೆ ಹಬೆ ಅದರ ಸಂದುಗಳಲ್ಲಿ ಅಂಚಿನವರೆಗೂ ಹರಡಿ ಮೇಲಿನ ಪದರವನ್ನು ಎತ್ತುತ್ತದೆ. ಮುದ್ದೆ ಇದ್ದರೆ ಎರಡೂ ಪದರ ಅದಕ್ಕೆ ಅಂಟಿಕೊಂಡು, ಹಬೆಗೆ ದಾರಿ ಸಿಗದೆ, ಸಿಕ್ಕಲ್ಲಿ ಹರಿದುಕೊಂಡು ಹೊರಬರುತ್ತದೆ.

ಕಣಕ

ಮೈದಾ, ಬೇಕಿಂಗ್ ಪೌಡರ್, ಉಪ್ಪನ್ನು ಒಟ್ಟಿಗೆ ಜರಡಿಯಾಡಿ. ಎಣ್ಣೆ ಹಾಕಿ ಉಜ್ಜಿ. 310 ಮಿಲೀ ನೀರನ್ನು ಮೂರು ಸಲ ಹಾಕಿ ಕಲಸಿ, ಬೇಕಾದರೆ ಉಳಿದದ್ದನ್ನು ಚಿಮುಕಿಸಿ. ಹಿಟ್ಟು ಚಪಾತಿಗಿಂತ ಮೆತ್ತಗೆ, ಒಬ್ಬಟ್ಟಿನ ಕಣಕಕ್ಕಿಂತ ಗಟ್ಟಿ ಇರಬೇಕು. ಕೈಗೆ ತುಸು ಅಂಟಿದರೆ ಹೆದರಬೇಡಿ, ನೆನೆದ ಮೇಲೆ ಅಂಟು ಬಿಡುತ್ತದೆ. ನಾದುವುದು ನಾಲ್ಕೈದು ನಿಮಿಷ ಸಾಕು. ಹೆಚ್ಚು ನಾದಿದರೆ ಹಿಟ್ಟು ರಬ್ಬರಿನಂತಾಗಿ ಲಟ್ಟಿಸಿದಷ್ಟೂ ಹಿಂದಕ್ಕೆ ಸರಿಯುತ್ತದೆ. ಮೇಲೆ ಎಣ್ಣೆ ಸವರಿ ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ.

ಬೇಕಿಂಗ್ ಪೌಡರ್ ಇಲ್ಲವೆಂದು ಅಡುಗೆ ಸೋಡಾ ಹಾಕುವವರಿದ್ದಾರೆ. ಹಾಕಬೇಡಿ. ಸೋಡಾ ತಾಗಿದ ಅರಿಸಿನ ಕೆಂಪಾಗುತ್ತದೆ, ಹೂರಣ ಮುಟ್ಟಿದಲ್ಲೆಲ್ಲ ಕಣಕಕ್ಕೆ ಕೆಂಪು ಕಲೆ, ಮೇಲೆ ಸಾಬೂನಿನ ರುಚಿ. ಅದರ ಬದಲು ಏನೂ ಹಾಕದೆ ಮಾಡುವುದೇ ಲೇಸು, ತುಸು ಗಟ್ಟಿಯಾದರೂ ತಿನ್ನಲು ಚೆನ್ನಾಗಿರುತ್ತದೆ. ವಿದೇಶದಲ್ಲಿರುವವರು ಆಲ್ ಪರ್ಪಸ್ ಹಿಟ್ಟು ತೆಗೆದುಕೊಳ್ಳಿ. ಬ್ರೆಡ್ ಹಿಟ್ಟು ಬೇಡ, ಎಳೆದರೆ ಹಿಗ್ಗುವುದಿಲ್ಲ. ಸೆಲ್ಫ್ ರೈಸಿಂಗ್ ಹಿಟ್ಟಿನಲ್ಲಿ ಬೇಕಿಂಗ್ ಪೌಡರ್ ಮೊದಲೇ ಇರುತ್ತದೆ, ಮತ್ತೆ ಹಾಕಿದರೆ ಕಹಿ. ಮೈದಾ ಒಲ್ಲದವರು ಅರ್ಧ ಗೋಧಿಹಿಟ್ಟು ಹಾಕಿ 30 ಮಿಲೀ ನೀರು ಹೆಚ್ಚಿಸಬಹುದು. ಪೂರ್ತಿ ಗೋಧಿಹಿಟ್ಟಿನದು ಬಿಸಿಯಲ್ಲಿ ಚೆನ್ನ, ಆರಿದ ಮೇಲೆ ಮಡಚಿದರೆ ಮಡಿಕೆಯಲ್ಲಿ ಸೀಳುತ್ತದೆ. ಒಳಗೆ ಪಲ್ಯ ಇಟ್ಟು ಸುತ್ತುವ ರೊಟ್ಟಿಗೆ ಅದು ಆಗದು.

ತುಂಬಿ ಮುಚ್ಚುವುದು

ಹಿಟ್ಟನ್ನು ಎಂಟು ಪಾಲು ಮಾಡಿ, ಒಂದೊಂದೂ ಸುಮಾರು 100 ಗ್ರಾಂ ಬರುತ್ತದೆ. ಒಂದಕ್ಕೆ 50 ಗ್ರಾಂ ಹೂರಣ, ಅಂದರೆ ತುಂಬಿದ ಮೂರು ದೊಡ್ಡ ಚಮಚ. ಒಬ್ಬಟ್ಟಿನಲ್ಲಿ ಹೂರಣ ಕಣಕಕ್ಕಿಂತ ಹೆಚ್ಚಿರುವುದು ಹೆಮ್ಮೆ, ಇಲ್ಲಿ ಎರಡಕ್ಕೆ ಒಂದು ಮೀರಬಾರದು. ಪುಡಿಯ ಹೂರಣ ತಾನಾಗಿ ಹಿಡಿದುಕೊಳ್ಳುವುದಿಲ್ಲ, ಅದನ್ನು ಹಿಡಿದಿಡುವುದು ಕಣಕವೇ.

ಉಂಡೆಯನ್ನು ಅಂಗೈ ಮೇಲೆ ಬಟ್ಟಲಿನಂತೆ ಮಾಡಿ. ಅಂಚು ತೆಳ್ಳಗೆ, ತಳ ದಪ್ಪಗೆ ಇರಲಿ. ಅಂಚುಗಳು ಬಂದು ಸೇರುವ ಬಾಯಿ ಹೇಗೂ ದಪ್ಪವಾಗುತ್ತದೆ, ತಳವೂ ಅಷ್ಟೇ ದಪ್ಪವಿದ್ದರೆ ಎರಡು ಮಗ್ಗುಲೂ ಸಮ. ಹೂರಣವನ್ನು ಒಂದೊಂದೇ ಚಮಚ ಹಾಕಿ ಬೆರಳಿನಿಂದ ಚೆನ್ನಾಗಿ ಒತ್ತಿ, ಒಳಗೆ ಗಾಳಿ ಉಳಿಯಬಾರದು. ಸಿಕ್ಕಿಕೊಂಡ ಗಾಳಿ ಲಟ್ಟಿಸುವಾಗ ಗುಳ್ಳೆಯಾಗಿ ಅಂಚಿಗೆ ಓಡಿ ಅಲ್ಲಿ ಒಡೆಯುತ್ತದೆ. ಅಂಚುಗಳಿಗೆ ಪುಡಿ ತಾಗದಂತೆ ನೋಡಿಕೊಳ್ಳಿ, ತಾಗಿದ ಕಡೆ ಬಾಯಿ ಅಂಟುವುದಿಲ್ಲ. ನೆರಿಗೆ ಹಿಡಿದ ಹಾಗೆ ಅಂಚುಗಳನ್ನು ಕೂಡಿಸಿ, ತಿರುಚಿ ಮುಚ್ಚಿ. ಮುಚ್ಚಿದ ಬಾಯಿ ಕೆಳಗಾಗಿ ಎಣ್ಣೆ ಸವರಿದ ತಟ್ಟೆಯಲ್ಲಿಟ್ಟು ಬಟ್ಟೆ ಮುಚ್ಚಿ. ಎಂಟನ್ನೂ ತುಂಬಿದ ಮೇಲೆ ಇನ್ನೂ ಹದಿನೈದು ನಿಮಿಷ ಬಿಡಿ. ತುಂಬುವಾಗ ಬಿಗಿದುಕೊಂಡ ಹಿಟ್ಟು ಸಡಿಲವಾಗಲು ಅಷ್ಟು ಹೊತ್ತು ಬೇಕು. ಈ ಎರಡನೆಯ ವಿಶ್ರಾಂತಿ ಕೊಡದೆ ಲಟ್ಟಿಸಲು ಹೋದರೆ ಒಳಗಿನ ಪುಡಿ ಮೇಲೆ ಇಣುಕುತ್ತದೆ.

ಲಟ್ಟಿಸುವುದು, ಬೇಯಿಸುವುದು

ತವಾ ಮೊದಲೇ ಕಾಯಲಿ. ದಪ್ಪ ಕಬ್ಬಿಣದ್ದು, ಮಟ್ಟಸ ಮುಖದ್ದು ಉತ್ತಮ, ಅಗಲ 28 ಸೆಂಟಿಮೀಟರಿಗೆ ಕಡಿಮೆ ಬೇಡ. ಚಿಟಿಕೆ ಹಿಟ್ಟು ಉದುರಿಸಿದರೆ ಎಂಟು ಹತ್ತು ಸೆಕೆಂಡಿನಲ್ಲಿ ಹೊಂಬಣ್ಣವಾಗಬೇಕು. ಬಿದ್ದ ಕೂಡಲೇ ಕಪ್ಪಾದರೆ ಉರಿ ತಗ್ಗಿಸಿ.

ಉಂಡೆಯನ್ನು ಒಣ ಹಿಟ್ಟಿನ ಮೇಲೆ ಬಾಯಿ ಕೆಳಗಾಗಿ ಇಟ್ಟು, ಮೊದಲು ಕೈಯಿಂದಲೇ ತಟ್ಟಿ 12 ಸೆಂಟಿಮೀಟರಿನಷ್ಟು ಅಗಲಿಸಿ. ತಟ್ಟುವಾಗ ಪುಡಿ ಅಂಚಿನವರೆಗೂ ಸರಿಯುತ್ತದೆ. ನೇರ ಲಟ್ಟಣಿಗೆ ಹಾಕಿದರೆ ಪುಡಿ ನಡುವೆಯೇ ಉಳಿದು ಅಂಚು ಬರೀ ಹಿಟ್ಟಾಗುತ್ತದೆ. ಆಮೇಲೆ ಲಟ್ಟಣಿಗೆಯನ್ನು ನಡುವಿನಿಂದ ಹೊರಕ್ಕೆ ಹಗುರವಾಗಿ ಉರುಳಿಸಿ, ಅಂಚು ಬರುವ ಮೊದಲೇ ಎತ್ತಿ, ರೊಟ್ಟಿಯನ್ನು ಕಾಲು ಸುತ್ತು ತಿರುಗಿಸಿ. ನಡುವೆ ಒಂದೆರಡು ಸಲ ಮಗುಚಿ ಹಿಟ್ಟು ಉದುರಿಸಿ. ಅಗಲ 26ರಿಂದ 28 ಸೆಂಟಿಮೀಟರ್, ದಪ್ಪ ಎರಡು ಮಿಲಿಮೀಟರ್ ಆಸುಪಾಸು. ಹೂರಣದ ಹಳದಿ ಬಣ್ಣ ಮಬ್ಬಾಗಿ ಕಾಣಿಸಬೇಕು.

ಎಲ್ಲಾದರೂ ತೂತಾದರೆ ಅಲ್ಲಿಗೆ ಒಣ ಹಿಟ್ಟು ಒತ್ತಿ ಮುಂದುವರಿಯಿರಿ, ಆ ಮಗ್ಗುಲನ್ನೇ ಮೊದಲು ತವಾಕ್ಕೆ ತಾಗಿಸಿ. ಬಿಸಿಗೆ ತೂತು ಬೇಗ ಕಟ್ಟಿಕೊಳ್ಳುತ್ತದೆ. ಹೆಚ್ಚಿನ ಹಿಟ್ಟನ್ನು ಕೊಡವಿ ಹಾಕಿ.

ಮೊದಲ ಮಗ್ಗುಲಿಗೆ ಮೂವತ್ತು ಸೆಕೆಂಡು. ಹಸಿ ಹೊಳಪು ಹೋಗಿ ಸಣ್ಣ ಗುಳ್ಳೆ ಎದ್ದ ಕೂಡಲೇ ಮಗುಚಿ. ಮೇಲೆ ಎಣ್ಣೆ ಸವರಿ. ಟ್ರಿನಿಡಾಡ್‌ನಲ್ಲಿ ಇದಕ್ಕೆ ಕೋಲಿಗೆ ಬಟ್ಟೆ ಸುತ್ತಿದ ಪುಚಾರಾ ಇರುತ್ತದೆ, ನಮ್ಮಲ್ಲಿ ಅರ್ಧ ಈರುಳ್ಳಿ ಚುಚ್ಚಿದ ಕಡ್ಡಿಯೂ ನಡೆಯುತ್ತದೆ. ಮತ್ತೆ ಮಗುಚಿ, ಈ ಮಗ್ಗುಲಿಗೂ ಸವರಿ. ಇಷ್ಟರಲ್ಲಿ ಒಂದು ಕಡೆಯಿಂದ ಉಬ್ಬು ಏಳುತ್ತದೆ. ಉಬ್ಬಿದ ಕಡೆಯನ್ನು ಸೌಟಿನ ಬೆನ್ನಿನಿಂದ ಮೆಲ್ಲಗೆ ಒತ್ತಿದರೆ ಹಬೆ ಉಳಿದ ಕಡೆಗೂ ಓಡಿ ಇಡೀ ರೊಟ್ಟಿ ಎದ್ದು ನಿಲ್ಲುತ್ತದೆ. ಎಲ್ಲ ಸೇರಿ ಒಂದೂವರೆಯಿಂದ ಎರಡು ನಿಮಿಷ. ಕಂದು ಕಲೆ ಬರುವವರೆಗೆ ಬಿಡಬೇಡಿ, ದಾಲ್‌ಪುರಿ ತೆಳು ಹಳದಿಯಾಗಿ, ಮೆತ್ತಗೆ ಇರಬೇಕು. ಉರಿ ಸಣ್ಣದಾದರೂ ಗಟ್ಟಿಯೇ ಆಗುತ್ತದೆ: ಬೇಯುವ ಮೊದಲೇ ನೀರು ಆರಿಹೋಗುತ್ತದೆ.

ತೆಗೆದ ಕೂಡಲೇ ನಾಲ್ಕು ಮಡಿಕೆ ಮಾಡಿ ಬಟ್ಟೆ ಹಾಸಿದ ಡಬ್ಬಿಯಲ್ಲಿಟ್ಟು ಮುಚ್ಚಿ. ತನ್ನದೇ ಹಬೆಯಲ್ಲಿ ಹತ್ತು ನಿಮಿಷ ಕೂತರೆ ಅಂಚು ಕೂಡ ಮೆತ್ತಗಾಗುತ್ತದೆ. ಬಟ್ಟೆ ಇಲ್ಲದೆ ಬರೀ ಡಬ್ಬಿಗೆ ಹಾಕಿದರೆ ಮುಚ್ಚಳದಿಂದ ನೀರು ತೊಟ್ಟಿಕ್ಕಿ ಕೆಳಗಿನವು ಅಂಟಂಟಾಗುತ್ತವೆ. ಪ್ರತಿ ರೊಟ್ಟಿಯ ನಂತರ ತವಾದ ಮೇಲಿನ ಸುಟ್ಟ ಹಿಟ್ಟನ್ನು ಒಣ ಬಟ್ಟೆಯಲ್ಲಿ ಒರೆಸಿ, ಇಲ್ಲದಿದ್ದರೆ ಮುಂದಿನದಕ್ಕೆ ಕರಿ ಚುಕ್ಕೆ, ಕಹಿ.

ಒಳಗಿಡಲು ಚನ್ನಾ-ಆಲೂ

ಮೇಕೆ, ಕೋಳಿ, ಕುಂಬಳಕಾಯಿ ಪಲ್ಯ ಎಲ್ಲ ನಡೆಯುತ್ತದೆ. ಸರಳವಾದದ್ದು ಕಾಬೂಲಿ ಕಡಲೆ, ಆಲೂಗಡ್ಡೆಯದು. ಎರಡು ದೊಡ್ಡ ಚಮಚ ಕರಿ ಪೌಡರನ್ನು ಕಾಲು ಲೋಟ ನೀರಲ್ಲಿ ಕದಡಿ. ಮೂರು ಚಮಚ ಎಣ್ಣೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಬಾಡಿಸಿ, ಕದಡಿದ್ದನ್ನು ಸುರಿದು ನೀರು ಆರಿ ಎಣ್ಣೆ ಬಿಡುವವರೆಗೆ ಎರಡು ಮೂರು ನಿಮಿಷ ಕೈಯಾಡಿಸಿ. ಹಸಿ ವಾಸನೆ ಹೋಗುವುದು ಇಲ್ಲೇ. ಎರಡು ಆಲೂಗಡ್ಡೆಯ ಹೋಳು, ಬೇಯಿಸಿದ ಕಡಲೆ ಎರಡು ಲೋಟ, ನೀರು ಒಂದೂವರೆ ಲೋಟ, ಉಪ್ಪು ಹಾಕಿ ಇಪ್ಪತ್ತು ನಿಮಿಷ ಬೇಯಿಸಿ. ಒಂದಿಷ್ಟು ಆಲೂ, ಕಡಲೆ ಹಿಸುಕಿ ಗಟ್ಟಿ ಮಾಡಿ, ಹುರಿದ ಜೀರಿಗೆ ಪುಡಿ ಒಂದು ಚಮಚ ಹಾಕಿ ಇಳಿಸಿ. ಅಲ್ಲಿನ ಕರಿ ಪೌಡರಿನಲ್ಲಿ ಸಾಮಾನ್ಯವಾಗಿ ಮೆಣಸಿನ ಪುಡಿ ಇರುವುದಿಲ್ಲ, ಅರಿಸಿನ, ಕೊತ್ತಂಬರಿ, ಮೆಂತ್ಯವೇ ಮುಂದು. ನಮ್ಮ ಸಾಂಬಾರ್ ಪುಡಿ ಹಾಕಿದರೆ ಬೇರೆಯೇ ಅಡುಗೆಯಾಗುತ್ತದೆ. ಪಲ್ಯ ತೆಳ್ಳಗಿದ್ದರೆ ಸುತ್ತಿದ ಐದು ನಿಮಿಷಕ್ಕೆ ರೊಟ್ಟಿಯ ತಳ ಹರಿಯುತ್ತದೆ. ಚಮಚ ಓರೆ ಮಾಡಿದರೆ ಜಾರದೆ ನಿಲ್ಲುವಷ್ಟು ಗಟ್ಟಿ ಇರಲಿ.

ರೊಟ್ಟಿಯ ನಡುವೆ ಪಲ್ಯ ಇಟ್ಟು ಎಡ-ಬಲ ಮಡಚಿ, ಆಮೇಲೆ ಕೆಳಗೆ-ಮೇಲೆ ಮಡಚಿ, ಮಡಿಕೆ ಕೆಳಗಾಗಿ ಕಾಗದದಲ್ಲಿ ಸುತ್ತಿ.

ಉಳಿದ ದಾಲ್‌ಪುರಿ

ಬೇಳೆ ತುಂಬಿದ್ದರಿಂದ ಬೇಸಿಗೆಯಲ್ಲಿ ಸಂಜೆಗೇ ಹುಳಿ ವಾಸನೆ ಹಿಡಿಯಬಹುದು. ಪೂರ್ತಿ ಆರಿದ ಮೇಲೆ ಫ್ರಿಜ್‌ನಲ್ಲಿಟ್ಟರೆ ಎರಡು ದಿನ. ಫ್ರೀಜರ್‌ಗೆ ಹಾಕುವುದಾದರೆ ಒಂದೊಂದರ ನಡುವೆ ಬೆಣ್ಣೆ ಕಾಗದ ಇಟ್ಟು, ಗಾಳಿ ತೆಗೆದ ಚೀಲದಲ್ಲಿಡಿ, ಒಂದು ತಿಂಗಳು ಚೆನ್ನಾಗಿರುತ್ತದೆ. ಬಿಸಿ ಮಾಡಲು ಇಡ್ಲಿ ಪಾತ್ರೆಯಲ್ಲಿ ಬಟ್ಟೆ ಸುತ್ತಿ ಮೂರು ನಿಮಿಷ ಹಬೆ ಕೊಡುವುದು ಎಲ್ಲಕ್ಕಿಂತ ಒಳ್ಳೆಯದು. ಮೈಕ್ರೋವೇವ್ ಆದರೆ ಒದ್ದೆ ಬಟ್ಟೆಯಲ್ಲಿ ಸುತ್ತಿ ಮೂವತ್ತು ನಲವತ್ತು ಸೆಕೆಂಡು. ಒಣ ತವಾದ ಮೇಲೆ ಮತ್ತೆ ಕಾಯಿಸಿದರೆ ಅಂಚು ಹಪ್ಪಳವಾಗುತ್ತದೆ, ಅನಿವಾರ್ಯವಾದರೆ ಮೊದಲು ಎರಡೂ ಮಗ್ಗುಲಿಗೆ ನೀರು ಚಿಮುಕಿಸಿ, ತವಾ ಮೇಲೆ ಹಾಕಿದ ಕೂಡಲೇ ಮುಚ್ಚಳ ಮುಚ್ಚಿ. ಹೂರಣ ಮಾತ್ರ ಉಳಿದರೆ ಅದನ್ನೂ ಫ್ರೀಜರ್‌ನಲ್ಲಿಡಬಹುದು, ಬಳಸುವ ಮೊದಲು ಬಟ್ಟೆಯ ಮೇಲೆ ಹರಡಿ ತೇವ ಆರಿಸಿ ಮತ್ತೊಮ್ಮೆ ಜರಡಿಯಾಡಿ.